ಪ್ಯಾನೆಲ್ ನಮ್ಮದು, ಸೆಲ್ ಯಾರದು?

ಮನೆಯ ತಾರಸಿಗೆ ಸೋಲಾರ್ ಹಾಕಿಸಲು ಕೊಟೇಶನ್ ತರಿಸಿಕೊಂಡವರು ಗಮನಿಸಿರಬಹುದು, ಅದರಲ್ಲಿ ಎರಡು ದರ ಇರುತ್ತವೆ. ಒಂದು ಡಿಸಿಆರ್ ಪ್ಯಾನೆಲ್‌ನದು, ಇನ್ನೊಂದು ನಾನ್ ಡಿಸಿಆರ್ ಪ್ಯಾನೆಲ್‌ನದು. ಕಣ್ಣಿಗೆ ಎರಡೂ ಒಂದೇ. ಅದೇ ಗಾಜು, ಅದೇ ಅಲ್ಯೂಮಿನಿಯಂ ಚೌಕಟ್ಟು, ಎಷ್ಟೋ ಸಲ ಒಂದೇ ಕಂಪನಿಯ ಒಂದೇ ಕಾರ್ಖಾನೆಯಿಂದ ಬಂದ ಮಾಲು. ಆದರೂ 2025ರ ಮಾರುಕಟ್ಟೆಯಲ್ಲಿ ಇವೆರಡರ ನಡುವೆ ಪ್ರತಿ ವ್ಯಾಟ್‌ಗೆ ಹತ್ತು ರೂಪಾಯಿಯ ಆಸುಪಾಸಿನ ಅಂತರವಿತ್ತು. ಮೂರು ಕಿಲೋವ್ಯಾಟ್ ಹಾಕಿಸುವ ಮನೆಗೆ ಅದು ಸುಮಾರು ಮೂವತ್ತು ಸಾವಿರ ರೂಪಾಯಿ. ಏಕೆ ಎಂದು ಕೇಳಿದರೆ ಅಂಗಡಿಯವರು ಚರ್ಚೆಗೆ ನಿಲ್ಲುವುದಿಲ್ಲ: “ಡಿಸಿಆರ್ ಹಾಕಿಸಿದ್ರೆ ಮಾತ್ರ ಸಬ್ಸಿಡಿ ಬರೋದು ಸಾರ್.”

ಎರಡೂ ಪ್ಯಾನೆಲ್‌ಗಳನ್ನು ಭಾರತದಲ್ಲೇ ಜೋಡಿಸಿರುತ್ತಾರೆ. ವ್ಯತ್ಯಾಸ ಇರುವುದು ಗಾಜಿನ ಹಿಂದೆ ಸಾಲಾಗಿ ಕೂತಿರುವ ನೀಲಿ-ಕಪ್ಪು ಬಣ್ಣದ ಬಿಲ್ಲೆಗಳಲ್ಲಿ. ಬಿಸಿಲನ್ನು ವಿದ್ಯುತ್ತಾಗಿಸುವ ಸೆಲ್‌ಗಳು ಅವೇ. ಡಿಸಿಆರ್ ಎಂದರೆ ಆ ಸೆಲ್ಲೂ ಇಲ್ಲಿಯೇ ತಯಾರಾಗಿರಬೇಕು. ನಾನ್ ಡಿಸಿಆರ್ ಆದರೆ ಸೆಲ್ ಹೊರಗಿನದು, ಬಹುಮಟ್ಟಿಗೆ ಚೀನಾದ್ದು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ, ದೇಶೀ ಸೆಲ್ ಇದ್ದರೆ ಮಾತ್ರ. (ಇನ್ನೂರು ಯೂನಿಟ್‌ವರೆಗೆ ಗೃಹಜ್ಯೋತಿ ಇರುವ ನಮ್ಮ ರಾಜ್ಯದಲ್ಲಿ ತಾರಸಿ ಸೋಲಾರ್‌ನ ಲೆಕ್ಕ ಹಾಕಿ ನೋಡುವ ಉಮೇದು ಎಷ್ಟು ಮನೆಗಳಿಗಿದೆ ಎಂಬುದು ಬೇರೆ ಮಾತು.) ಮನೆಯವರ ಖಾತೆಗೆ ಬಂದ ಈ 78,000ದಲ್ಲಿ ಮೂವತ್ತು ಸಾವಿರದಷ್ಟು ಸೆಲ್ ತಯಾರಕರ ಕಡೆಗೆ ಹೊರಟುಬಿಡುತ್ತದೆ. ಹೆಸರು ಗ್ರಾಹಕರ ಸಬ್ಸಿಡಿಯದು, ಸಾಕುವುದು ಒಂದು ಉದ್ಯಮವನ್ನು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆ ದುಡ್ಡು ಏನನ್ನು ಬೆಳೆಸುತ್ತಿದೆ ಎಂದು ನೋಡುವುದು ನಮ್ಮ ಹಕ್ಕು.

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೆಮ್ಮೆಯಿಂದ ಒಂದು ಅಂಕಿ ಪ್ರಕಟಿಸಿತು. ದೇಶದ ಸೋಲಾರ್ ಪ್ಯಾನೆಲ್ ತಯಾರಿಕಾ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತ್ತು. 2014ರಲ್ಲಿ ಅದು 2.3 ಗಿಗಾವ್ಯಾಟ್ ಇತ್ತು. ಬೆಳವಣಿಗೆ ದೊಡ್ಡದೇ. ಆದರೆ ಪಕ್ಕದ ಅಂಕಿಗಳನ್ನೂ ಓದಬೇಕು. ಸೆಲ್ ತಯಾರಿಸುವ ಸಾಮರ್ಥ್ಯ ಆ ವರ್ಷದ ಮಾರ್ಚ್‌ನಲ್ಲಿ ಸುಮಾರು 25 ಗಿಗಾವ್ಯಾಟ್. ಸೆಲ್ಲಿಗೆ ಬೇಕಾದ ತೆಳು ಸಿಲಿಕಾನ್ ಹಾಳೆ, ಅಂದರೆ ವೇಫರ್, ಗುಜರಾತಿನ ಮುಂದ್ರಾದಲ್ಲಿ ಅದಾನಿಯವರ 2 ಗಿಗಾವ್ಯಾಟ್ ಘಟಕದಲ್ಲಿ ತಯಾರಾಗುತ್ತಿತ್ತು, ಹೇಳಿಕೊಳ್ಳುವಂಥ ಇನ್ನೊಂದು ಕಾರ್ಖಾನೆ ಇರಲಿಲ್ಲ. ಆ ವೇಫರಿನ ಮೂಲವಸ್ತು ಪಾಲಿಸಿಲಿಕಾನ್? ವಾಣಿಜ್ಯ ಪ್ರಮಾಣದಲ್ಲಿ ಸೊನ್ನೆ. ಅಂಗಡಿಯಿಂದ ಹಿಟ್ಟು ತಂದು ಹೊಯ್ದರೂ ಮನೆ ದೋಸೆ ಎನ್ನುತ್ತೇವಲ್ಲ, ನಮ್ಮ ನೂರು ಗಿಗಾವ್ಯಾಟ್‌ನ ಬಹುಭಾಗ ಅಂಥದ್ದು.

ಪ್ಯಾನೆಲ್ ಜೋಡಣೆ ಸುಲಭ ಎಂದು ಹಗುರಾಗಿ ಮಾತಾಡಬಾರದು, ಆದರೆ ಅದು ಗೊತ್ತಿರುವ ಕೆಲಸ. ಸೆಲ್‌ಗಳನ್ನು ತೆಳುವಾದ ತಾಮ್ರದ ತಂತಿಗಳಿಂದ ಸಾಲಾಗಿ ಬೆಸೆಯಬೇಕು, ಮೇಲೆ ಗಾಜು, ಕೆಳಗೆ ಹಾಳೆ, ನಡುವೆ ಅಂಟು ಪೊರೆ ಇಟ್ಟು ನೂರೈವತ್ತು ಡಿಗ್ರಿಯ ಆಸುಪಾಸಿನಲ್ಲಿ ಒತ್ತಬೇಕು, ಚೌಕಟ್ಟು ಹಾಕಿ ಹಿಂದೆ ಪೆಟ್ಟಿಗೆ ಅಂಟಿಸಬೇಕು. ದೊಡ್ಡ ಶೆಡ್ ಇದ್ದು ಯಂತ್ರಗಳು ಬಂದಿಳಿದರೆ ಕೆಲವೇ ತಿಂಗಳಲ್ಲಿ ಮಾಲು ಹೊರಬರುತ್ತದೆ.

ಸೆಲ್ ಕಾರ್ಖಾನೆಯ ಕತೆಯೇ ಬೇರೆ. ಕೂದಲೆಳೆಗಿಂತ ಹೆಚ್ಚೇನೂ ದಪ್ಪವಿಲ್ಲದ ವೇಫರ್ ಒಳಗೆ ಬರುತ್ತದೆ. ಅದನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ಪಿರಮಿಡ್ಡುಗಳನ್ನು ಎಬ್ಬಿಸುತ್ತಾರೆ, ಬಿದ್ದ ಬೆಳಕು ಪುಟಿದು ಹೊರಗೆ ಹೋಗದಿರಲಿ ಎಂದು. ಆಮೇಲೆ ಎಂಟುನೂರು ಡಿಗ್ರಿಗೂ ಮೇಲ್ಪಟ್ಟ ಕುಲುಮೆಯಲ್ಲಿ ರಂಜಕವನ್ನೋ ಬೋರಾನನ್ನೋ ಸಿಲಿಕಾನ್‌ನ ಮೈಯೊಳಕ್ಕೆ ಇಳಿಸುತ್ತಾರೆ. ಬೆಳಕು ಕೆರಳಿಸಿದ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವ ಗಡಿ ಹುಟ್ಟುವುದು ಅಲ್ಲಿ. ನಂತರ ಸಿಲಿಕಾನ್ ನೈಟ್ರೈಡ್‌ನ ಲೇಪ, ಸೆಲ್ಲಿಗೆ ನೀಲಿ ಬಣ್ಣ ಬರುವುದು ಇದರಿಂದ. ಕೊನೆಗೆ ಬೆಳ್ಳಿಯ ಲೇಹ್ಯದಲ್ಲಿ ಸಣ್ಣ ಗೆರೆಗಳನ್ನು ಅಚ್ಚೊತ್ತಿ ಸುಡುತ್ತಾರೆ. ಇಷ್ಟೂ ನಡೆಯುವುದು ದೂಳಿಲ್ಲದ ಕೋಣೆಗಳಲ್ಲಿ, ಅತಿ ಶುದ್ಧ ನೀರಿನಲ್ಲಿ. ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಸಿಲೇನ್ ಅನಿಲ, ಗಾಜನ್ನೂ ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ ಇಲ್ಲಿ ದಿನಬಳಕೆಯ ಸಾಮಾನು. ಹೊರಬೀಳುವ ಫ್ಲೋರೈಡ್ ನೀರನ್ನು ಸಂಸ್ಕರಿಸದೆ ಬಿಟ್ಟರೆ ಊರಿಗೇ ಕೇಡು. ಒಂದು ಗಿಗಾವ್ಯಾಟ್‌ಗೆ ಬೇಕಾಗುವ ಬಂಡವಾಳ ಜೋಡಣೆ ಘಟಕದ ಹಲವು ಪಟ್ಟು. ಎಲ್ಲ ಸರಿಹೋಗಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸೆಲ್‌ಗಳು ಮೊದಲ ದರ್ಜೆಯವಾಗಲು ಅನುಭವಸ್ಥ ಎಂಜಿನಿಯರುಗಳಿಗೂ ತಿಂಗಳುಗಳೇ ಹಿಡಿಯುತ್ತವೆ.

ಅದಕ್ಕೂ ಹಿಂದಿನ ಹಂತ ಇನ್ನೂ ಕಠಿಣ. ಬೆಣಚುಕಲ್ಲನ್ನು ಇದ್ದಿಲಿನೊಡನೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಒರಟು ಸಿಲಿಕಾನ್ ಸಿಗುತ್ತದೆ. ಅದನ್ನು ಟ್ರೈಕ್ಲೋರೋಸಿಲೇನ್ ಎಂಬ ದ್ರವವಾಗಿ ಮಾರ್ಪಡಿಸಿ, ಮತ್ತೆ ಮತ್ತೆ ಬಟ್ಟಿಯಿಳಿಸಿ, ಸಾವಿರ ಡಿಗ್ರಿಗೂ ಹೆಚ್ಚು ಕಾದ ಸಿಲಿಕಾನ್ ಸರಳುಗಳ ಮೇಲೆ ಪದರ ಪದರವಾಗಿ ಕೂರಿಸಬೇಕು. ನೂರು ಕೋಟಿ ಪರಮಾಣುಗಳಲ್ಲಿ ಹೆರವರು ಒಬ್ಬಿಬ್ಬರು ಇರಬಹುದು ಅಷ್ಟೆ, ಅಂಥ ಶುದ್ಧಿ. ಇದೇ ಪಾಲಿಸಿಲಿಕಾನ್. ಇದನ್ನು 1,414 ಡಿಗ್ರಿಯಲ್ಲಿ ಕರಗಿಸಿ, ಒಂದು ಹರಳಿನ ಬೀಜ ಮುಟ್ಟಿಸಿ, ತಿರುಗಿಸುತ್ತ ನಿಧಾನವಾಗಿ ಮೇಲೆಳೆದರೆ ಆಳೆತ್ತರ ಮೀರಿದ ಗಟ್ಟಿ ಬೆಳೆಯುತ್ತದೆ. ವಜ್ರದ ಪುಡಿ ಹಚ್ಚಿದ ತಂತಿಯಿಂದ ಅದನ್ನು ಸೀಳಿದರೆ ವೇಫರ್.

ಈ ವಿದ್ಯೆಯೇ ನಮಗೆ ಗೊತ್ತಿರಲಿಲ್ಲ ಎಂದುಕೊಂಡರೆ ಅದು ತಪ್ಪು. ಬೆಲ್ ಲ್ಯಾಬ್ಸ್‌ನವರು ಸಿಲಿಕಾನ್ ಸೆಲ್ ಅನ್ನು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿ 1974ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಎಂಬ ಸರ್ಕಾರಿ ಸಂಸ್ಥೆ 1977ರಲ್ಲಿ ಭಾರತದ ಮೊದಲ ಸೋಲಾರ್ ಸೆಲ್ ಮಾಡಿತು, ಮರುವರ್ಷ ಪ್ಯಾನೆಲ್ಲನ್ನೂ ಮಾಡಿತು. 1980ರ ದಶಕದಲ್ಲಿ ಬೆಂಗಳೂರಿನ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಸೆಲ್ ತಯಾರಿಕೆಗೆ ಇಳಿಯಿತು. 1989ರಲ್ಲಿ ಟಾಟಾ ಮತ್ತು ಬ್ರಿಟಿಷ್ ತೈಲ ಕಂಪನಿ ಬಿಪಿ ಸೇರಿ ಕಟ್ಟಿದ ಟಾಟಾ ಬಿಪಿ ಸೋಲಾರ್ ನೆಲೆಸಿದ್ದೂ ಬೆಂಗಳೂರಿನಲ್ಲೇ. ಅಂದರೆ ಚೀನಾ ಈ ರಂಗದಲ್ಲಿ ಲೆಕ್ಕಕ್ಕೇ ಇಲ್ಲದ ಕಾಲದಲ್ಲಿ ನಮ್ಮಲ್ಲಿ ಸೆಲ್ ಆಗುತ್ತಿತ್ತು, ಅದರಲ್ಲೊಂದು ಪಾಲು ನಮ್ಮದೇ ರಾಜಧಾನಿಯಲ್ಲಿ.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ ಪಾಲಿಸಿಲಿಕಾನ್‌ನದು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎ. ಆರ್. ವಾಸುದೇವ ಮೂರ್ತಿ ಅವರು ತಮ್ಮ ಪ್ರಯೋಗಾಲಯದಲ್ಲಿ ಶುದ್ಧ ಸಿಲಿಕಾನ್ ತಯಾರಿಸುವ ವಿಧಾನ ರೂಪಿಸಿದರು. ಕಾವೇರಿ ದಂಡೆಯ ಮೆಟ್ಟೂರಿನಲ್ಲಿದ್ದ ರಾಸಾಯನಿಕ ಕಾರ್ಖಾನೆಯೊಂದು ಅದನ್ನು ಎತ್ತಿಕೊಂಡು 1980ರ ದಶಕದಲ್ಲಿ ಮೆಟ್ಕೆಮ್ ಸಿಲಿಕಾನ್ ಎಂಬ ಘಟಕ ನಡೆಸಿತು. ಹೊರದೇಶದ ಪರವಾನಗಿ ಇಲ್ಲದೆ, ಇಲ್ಲಿನ ಬುದ್ಧಿಯಲ್ಲಿ ಪಾಲಿಸಿಲಿಕಾನ್. ಪ್ರಮಾಣ ಸಣ್ಣದು, ವರ್ಷಕ್ಕೆ ಹತ್ತಾರು ಟನ್ನುಗಳ ಮಟ್ಟದ್ದು. ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಅಮೆರಿಕದ ಹೆಮ್‌ಲಾಕ್ ಕಂಪನಿಯಿಂದ ತಂತ್ರಜ್ಞಾನ ಕೊಂಡು ರಾಷ್ಟ್ರೀಯ ಸಿಲಿಕಾನ್ ಘಟಕ ಕಟ್ಟಲು ಹೊರಟಿತು. ಮನೆಯಲ್ಲೇ ಇರುವುದನ್ನು ಬಿಟ್ಟು ಹೊರಗೆ ಕೊಳ್ಳುವುದೇಕೆ ಎಂದು ವಿಜ್ಞಾನಿಗಳು ಆಕ್ಷೇಪ ಎತ್ತಿದರು. ಜಗಳದಲ್ಲಿ ಆಮದು ಯೋಜನೆ ಕಾರ್ಯರೂಪಕ್ಕೆ ಬರಲಿಲ್ಲ. ಮೆಟ್ಟೂರಿನದು ಬೆಳೆಯಲೂ ಇಲ್ಲ, ಮುಂದೆ ನಿಂತೇ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊಳ್ಳುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ವಿದ್ಯುತ್ ನೀರಿನಂತೆ ಖರ್ಚಾಗುವ ಕಾರ್ಖಾನೆಯನ್ನು ಯಾರೂ ಬಹಳ ದಿನ ಹೊತ್ತುಕೊಂಡು ನಡೆಯಲಾರರು.

ಕೊಳ್ಳುವವರನ್ನು ಹುಟ್ಟಿಸಿದ್ದು ಜರ್ಮನಿ. ಸೋಲಾರ್ ವಿದ್ಯುತ್ತಿಗೆ ಇಪ್ಪತ್ತು ವರ್ಷ ಖಾತರಿ ದರ ಕೊಡುವ ಕಾನೂನನ್ನು 2000ದಲ್ಲಿ ಅದು ತಂದಾಗ ಜರ್ಮನ್ ರೈತರ ಕೊಟ್ಟಿಗೆಗಳ ಮೇಲೂ ಪ್ಯಾನೆಲ್ ಏರಿತು. ಆ ಬೇಡಿಕೆಗೆ ಓಗೊಟ್ಟವರು ಚೀನೀಯರು. ಆಸ್ಟ್ರೇಲಿಯಾದಲ್ಲಿ ಸೋಲಾರ್ ಸೆಲ್ ಸಂಶೋಧಕ ಮಾರ್ಟಿನ್ ಗ್ರೀನ್ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದ್ದ ಶಿ ಝೆಂಗ್ರಾಂಗ್ ಎಂಬಾತ ವೂಶಿ ನಗರಕ್ಕೆ ಮರಳಿ 2001ರಲ್ಲಿ ಸನ್‌ಟೆಕ್ ಕಟ್ಟಿದ. ನಗರಸಭೆ ಬಂಡವಾಳಕ್ಕೆ ನೆರವಾಯಿತು. 2005ರಲ್ಲಿ ಕಂಪನಿ ನ್ಯೂಯಾರ್ಕ್ ಷೇರುಪೇಟೆಯಲ್ಲಿತ್ತು, 2013ರಲ್ಲಿ ದಿವಾಳಿ. ಆದರೆ ಸನ್‌ಟೆಕ್ ಬಿದ್ದ ಮಾತ್ರಕ್ಕೆ ಚೀನಾ ಬೀಳಲಿಲ್ಲ. ಅಲ್ಲಿ ಪಳಗಿದ ಕೆಲಸಗಾರರು, ಯಂತ್ರ ಮಾಡುವವರು, ಗಾಜು ಮಾಡುವವರು, ಬೆಳ್ಳಿ ಲೇಹ್ಯ ಅರೆಯುವವರು ಎಲ್ಲರೂ ಉಳಿದರು, ಪಕ್ಕದ ಕಂಪನಿಗೆ ಹೋದರು. 2008ರಲ್ಲಿ ಕಿಲೋಗೆ ನಾನೂರು ಡಾಲರ್ ದಾಟಿದ್ದ ಪಾಲಿಸಿಲಿಕಾನ್ 2012ರ ಹೊತ್ತಿಗೆ ಇಪ್ಪತ್ತರ ಸಮೀಪಕ್ಕೆ ಕುಸಿಯಿತು. ಆ ಹೊಡೆತಕ್ಕೆ ಜರ್ಮನಿಯ ಕ್ಯೂ-ಸೆಲ್ಸ್ ಮುಳುಗಿತು. ನಮ್ಮಲ್ಲಿ ಗ್ರೇಟರ್ ನೋಯ್ಡಾದ ಇಂಡೋಸೋಲಾರ್, ಸಿ.ಡಿ. ತಯಾರಿಕೆಯಿಂದ ಸೋಲಾರ್‌ಗೆ ಬಂದಿದ್ದ ಮೋಸರ್ ಬೇಯರ್ ಯಂತ್ರ ನಿಲ್ಲಿಸಿದವು. ಇಂದು ಸೋಲಾರ್ ತಯಾರಿಕೆಯ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಹೆಚ್ಚು ಪಾಲು ಚೀನಾದ್ದು, ವೇಫರ್‌ನಲ್ಲಂತೂ ಬಹುತೇಕ ಪೂರ್ತಿ.

ನಮ್ಮ ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ. 2010ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ ಘೋಷಣೆಯಾದಾಗಲೇ ದೇಶೀ ಮಾಲಿನ ಷರತ್ತು ಹಾಕಲಾಗಿತ್ತು. ಮೊದಲ ಕಂತಿನಲ್ಲಿ ಸಿಲಿಕಾನ್ ಪ್ಯಾನೆಲ್ ಇಲ್ಲಿಯದೇ ಆಗಬೇಕು, ಎರಡನೆಯದರಲ್ಲಿ ಸೆಲ್ಲೂ. ಆದರೆ ಒಂದು ಕಿಂಡಿ ಬಿಟ್ಟಿದ್ದರು. ಸಿಲಿಕಾನ್ ಹಾಳೆಯ ಬದಲು ಗಾಜಿನ ಮೇಲೆ ತೆಳು ಲೇಪ ಬಳಿದು ಮಾಡುವ ಥಿನ್ ಫಿಲ್ಮ್ ಪ್ಯಾನೆಲ್‌ಗೆ ಆ ಷರತ್ತು ಇರಲಿಲ್ಲ. ಸರ್ಕಾರ ಚಾಪೆ ಕೆಳಗೆ ತೂರಿದರೆ ವಿದ್ಯುತ್ ಕಂಪನಿಗಳು ರಂಗೋಲಿ ಕೆಳಗೆ ತೂರಿದವು. ಅಮೆರಿಕದ ಎಕ್ಸಿಮ್ ಬ್ಯಾಂಕು ಅಮೆರಿಕದ ಮಾಲು ಕೊಳ್ಳುವವರಿಗೆ ಅಗ್ಗದ ಸಾಲ ಕೊಡುತ್ತಿತ್ತು, ನಮ್ಮ ಬ್ಯಾಂಕುಗಳ ಬಡ್ಡಿಗೆ ಹೋಲಿಸಿದರೆ ಪುಕ್ಕಟೆ ಎನ್ನುವಷ್ಟು. ಫರ್ಸ್ಟ್ ಸೋಲಾರ್ ಎಂಬ ಅಮೆರಿಕನ್ ಕಂಪನಿಯ ಥಿನ್ ಫಿಲ್ಮ್ ಪ್ಯಾನೆಲ್‌ಗಳು ರಾಜಸ್ಥಾನದ ಮರಳಿನಲ್ಲಿ ಸಾಲುಗಟ್ಟಿದವು. ದೇಶೀ ಉದ್ಯಮಕ್ಕೆಂದು ಬರೆದ ಷರತ್ತು ಕೊನೆಗೆ ನೆರವಾದದ್ದು ಇನ್ನೊಂದು ದೇಶದ ಉದ್ಯಮಕ್ಕೆ.

ಅಷ್ಟು ಸಾಲದೆಂಬಂತೆ 2013ರಲ್ಲಿ ಅಮೆರಿಕವೇ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ಬಡಿಯಿತು. ಭಾರತದ ಷರತ್ತು ಹೊರಗಿನವರಿಗೆ ಭೇದ ಮಾಡುತ್ತದೆ ಎಂಬ ದೂರು. 2016ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಭಾರತ ಸೋತಿತು. ಅಮೆರಿಕದ ಹಲವು ರಾಜ್ಯಗಳು ಅದೇ ಬಗೆಯ ಸ್ಥಳೀಯ ಮಾಲಿನ ಸವಲತ್ತು ಕೊಡುತ್ತಿವೆ ಎಂದು ಭಾರತ ಹೂಡಿದ ಎದುರು ದಾವೆಯಲ್ಲಿ 2019ರಲ್ಲಿ ನಾವೇ ಗೆದ್ದೆವು, ಆದರೆ ಗೆದ್ದು ಸಿಕ್ಕಿದ್ದು ಒಂದು ವರದಿ ಮಾತ್ರ. ಒಂದು ತಮಾಷೆ ಕೇಳಿ: ಅದೇ ಫರ್ಸ್ಟ್ ಸೋಲಾರ್ ಈಗ ಚೆನ್ನೈ ಬಳಿ 3.3 ಗಿಗಾವ್ಯಾಟ್ ಕಾರ್ಖಾನೆ ನಡೆಸುತ್ತಿದೆ. 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹನ್ನೆರಡು ವರ್ಷ ಹಿಂದೆ ಹಡಗಿನಲ್ಲಿ ಬರುತ್ತಿದ್ದ ಪ್ಯಾನೆಲ್ ಈಗ ತಮಿಳುನಾಡಿನ ಲಾರಿಯಲ್ಲಿ ಹೊರಡುತ್ತದೆ.

ನಡುವಿನ ವರ್ಷಗಳಲ್ಲಿ ನಾವು ಸೋಲಾರ್ ಪಾರ್ಕುಗಳನ್ನು ಕಟ್ಟಿದೆವು, ಅದೂ ಭರಾಟೆಯಿಂದ. 2015ರಲ್ಲಿ ಗುರಿ 20ರಿಂದ 100 ಗಿಗಾವ್ಯಾಟ್‌ಗೆ ಏರಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ತಿರುಮಣಿಯ ಸುತ್ತಲಿನ ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆದು 2,050 ಮೆಗಾವ್ಯಾಟ್‌ನ ಪಾರ್ಕ್ ಎದ್ದಿತು. 2018ರ ಹೊತ್ತಿಗೆ ಸೋಲಾರ್‌ನಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. ಪತ್ರಿಕೆಗಳಲ್ಲಿ ಬಂದ ಆ ನೀಲಿ ಸಮುದ್ರದ ಚಿತ್ರಗಳನ್ನು ನೋಡಿ ನಾವೆಲ್ಲ ಬೀಗಿದೆವು. ಆ ಕಾಲದಲ್ಲಿ ದೇಶದಲ್ಲಿ ಹಾಕುತ್ತಿದ್ದ ಪ್ಯಾನೆಲ್‌ಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಹೊರಗಿನಿಂದ ಬಂದವು. ಬಿಸಿಲು ನಮ್ಮದು, ನೆಲ ನಮ್ಮದು, ಯಂತ್ರ ಅವರದು. ಯೂನಿಟ್ ದರ ಮೂರು ರೂಪಾಯಿಗೂ ಕೆಳಗಿಳಿಯಿತೆಂದು ಹರಾಜಿನ ಸುದ್ದಿ ಬಂದಾಗಲೆಲ್ಲ ಅದರ ಹಿಂದೆ ಚೀನಾದ ಅಗ್ಗದ ಮಾಲಿತ್ತು. ಆ ಅಗ್ಗ ನಮಗೆ ಬೇಡವಾಗಿತ್ತು ಎಂದು ಈಗ ಹೇಳುವುದು ಕೃತಘ್ನತೆಯೇ ಸರಿ. ಆ ಬೆಲೆ ಇಲ್ಲದಿದ್ದರೆ 2025ರ ಜನವರಿಯಲ್ಲಿ ದೇಶದ ಸೋಲಾರ್ 100 ಗಿಗಾವ್ಯಾಟ್ ಮುಟ್ಟುತ್ತಿರಲಿಲ್ಲ.

ಗೋಡೆ ಕಟ್ಟುವ ಕೆಲಸ ಶುರುವಾದದ್ದು 2018ರ ಜುಲೈನಲ್ಲಿ, ಶೇ 25ರ ರಕ್ಷಣಾ ಸುಂಕದಿಂದ. ಅದು ವರ್ಷ ವರ್ಷ ಇಳಿಯುವ ಸುಂಕವಾದ್ದರಿಂದ ಆಮದುದಾರರು ಕಾದು ಕೂತರು. 2022ರ ಏಪ್ರಿಲ್‌ನಲ್ಲಿ ಪ್ಯಾನೆಲ್‌ಗೆ ಶೇ 40, ಸೆಲ್‌ಗೆ ಶೇ 25ರ ಸೀಮಾಸುಂಕ ಬಂತು. ಈ ಅಂತರವನ್ನು ಸ್ವಲ್ಪ ನೋಡಿ. ಪ್ಯಾನೆಲ್ ತಂದರೆ ನಲವತ್ತು, ಸೆಲ್ ತಂದು ಇಲ್ಲಿ ಜೋಡಿಸಿದರೆ ಇಪ್ಪತ್ತೈದು. ವ್ಯಾಪಾರಿ ಏನು ಮಾಡುತ್ತಾನೆ? ಜೋಡಣೆ ಶೆಡ್ ಹಾಕುತ್ತಾನೆ. ಇದಕ್ಕೆ ಸೇರಿಕೊಂಡದ್ದು ಎಎಲ್‌ಎಂಎಂ ಎಂಬ ಪಟ್ಟಿ: ಸರ್ಕಾರ ಪರಿಶೀಲಿಸಿ ಒಪ್ಪಿದ ಮಾದರಿಗಳು ಮತ್ತು ತಯಾರಕರ ಯಾದಿ. ಅದರಲ್ಲಿ ಹೆಸರಿಲ್ಲದ ಪ್ಯಾನೆಲ್ ಸರ್ಕಾರಿ ಯೋಜನೆಗಳಿಗೆ ನಡೆಯದು. ಕಾಗದದ ಮೇಲೆ ಇದು ಗುಣಮಟ್ಟದ ಪರೀಕ್ಷೆ, ನಡೆದುಕೊಂಡದ್ದು ಆಮದಿನ ಬಾಗಿಲಿಗೆ ಚಿಲಕದ ಹಾಗೆ. 2021ರ ಮೊದಲ ಪಟ್ಟಿಯಲ್ಲಿ ಚೀನಾದ ಒಂದು ಕಂಪನಿಯೂ ಇರಲಿಲ್ಲ. ಮಾಲು ಸಾಲದೆಂದು ಒಂದು ವರ್ಷ ಚಿಲಕ ತೆಗೆದು, 2024ರ ಏಪ್ರಿಲ್‌ನಿಂದ ಮತ್ತೆ ಹಾಕಿದರು. ಈ ನಡುವೆ ಪಿಎಲ್‌ಐ ಎಂಬ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ: 2021ರಲ್ಲಿ 4,500 ಕೋಟಿ, 2022ರಲ್ಲಿ 19,500 ಕೋಟಿ ರೂಪಾಯಿ. ಹೆಚ್ಚು ಹಂತಗಳನ್ನು ಇಲ್ಲೇ ಮಾಡಿದವರಿಗೆ ಹೆಚ್ಚು ಹಣ ಎಂಬ ಅದರ ತತ್ವ ನನ್ನ ಮಟ್ಟಿಗೆ ಇಡೀ ನೀತಿಯಲ್ಲಿ ಸರಿಯಾದ ಭಾಗ.

ಸರ್ಕಾರ ಎಣಿಸಿರದ ಇನ್ನೊಂದು ನೆರವೂ ಒದಗಿತು. ಶಿನ್‌ಜಿಯಾಂಗ್‌ನಲ್ಲಿ ಉಯಿಘರ್ ಜನರಿಂದ ಬಲವಂತದ ದುಡಿಮೆ ಮಾಡಿಸಿ ತಯಾರಿಸಿದ ವಸ್ತು ಎಂಬ ಕಾರಣಕ್ಕೆ ಅಮೆರಿಕ 2022ರ ಜೂನ್‌ನಿಂದ ಅಲ್ಲಿನ ಪಾಲಿಸಿಲಿಕಾನ್ ಇರುವ ಮಾಲನ್ನು ಬಂದರಿನಲ್ಲೇ ತಡೆಯತೊಡಗಿತು. ಅಮೆರಿಕನ್ನರು ಬೇರೆ ಅಂಗಡಿ ಹುಡುಕಿದರು. 2023-24ರಲ್ಲಿ ಭಾರತದ ಪ್ಯಾನೆಲ್ ರಫ್ತು 200 ಕೋಟಿ ಡಾಲರ್‌ನ ಹತ್ತಿರಕ್ಕೆ ಬಂತು, ಹೆಚ್ಚುಕಡಿಮೆ ಎಲ್ಲವೂ ಒಂದೇ ದೇಶಕ್ಕೆ. ಮುಂಬೈನ ವಾರೀ, ಹೈದರಾಬಾದಿನ ಪ್ರೀಮಿಯರ್ ಎನರ್ಜೀಸ್ 2024ರಲ್ಲಿ ಷೇರುಪೇಟೆಗೆ ಬಂದಾಗ ಅರ್ಜಿ ಹಾಕಲು ಜನ ಮುಗಿಬಿದ್ದದ್ದು ಈ ಗಾಳಿಯಲ್ಲೇ. ಸೋಲಾರ್ ವಾಟರ್ ಹೀಟರಿನಿಂದ ನಮ್ಮ ಮನೆಗಳಿಗೆ ಪರಿಚಯವಾದ ಬೆಂಗಳೂರಿನ ಎಮ್ವೀ ಕಂಪನಿಯೂ ಡಾಬಸ್‌ಪೇಟೆಯಲ್ಲಿ ಸೆಲ್ ತಯಾರಿಕೆಗೆ ಇಳಿದು 2025ರ ನವೆಂಬರ್‌ನಲ್ಲಿ ಷೇರು ಮಾರಿತು. ಆದರೆ ಒಂದೇ ಗಿರಾಕಿಯನ್ನು ನಂಬಿದ ವ್ಯಾಪಾರ ಎಷ್ಟು ದಿನ? 2025ರ ಜುಲೈನಲ್ಲಿ ಅಮೆರಿಕದ ತಯಾರಕರು ಭಾರತದ ಪ್ಯಾನೆಲ್ ಮೇಲೂ ಸುಂಕ ಹಾಕಿ ಎಂದು ಅರ್ಜಿ ಕೊಟ್ಟರು. ಮರುತಿಂಗಳು ಭಾರತದ ಸರಕಿನ ಮೇಲಿನ ಸುಂಕ ಶೇ 50ಕ್ಕೆ ಏರಿತು.

ಹಾಗಾಗಿ ಜೋಡಣೆ ಘಟಕಗಳ ಮಟ್ಟಿಗೆ ಇನ್ನು ಕೆಲವು ವರ್ಷ ಸುಗ್ಗಿಯಲ್ಲ. ದೇಶ ವರ್ಷಕ್ಕೆ ಹಾಕುವುದಕ್ಕಿಂತ ಎಷ್ಟೋ ಹೆಚ್ಚು ಪ್ಯಾನೆಲ್ ಮಾಡುವ ಯಂತ್ರಗಳು ಈಗಲೇ ಇವೆ. ಸಣ್ಣವರು ಮುಚ್ಚುತ್ತಾರೆ, ದೊಡ್ಡವರು ಕೊಳ್ಳುತ್ತಾರೆ. ನಿಜವಾದ ಪರೀಕ್ಷೆ 2026ರ ಜೂನ್ 1ರ ದಿನಾಂಕದ್ದು. ಅಂದಿನಿಂದ ಸೆಲ್‌ಗೂ ಎಎಲ್‌ಎಂಎಂ ಪಟ್ಟಿ ಅನ್ವಯವಾಗಬೇಕೆಂದು ಸರ್ಕಾರ ಗೊತ್ತುಮಾಡಿತು, 2028ರ ಜೂನ್‌ನಿಂದ ವೇಫರ್‌ಗೂ ವಿಸ್ತರಿಸುವ ಪ್ರಸ್ತಾವ ಮುಂದಿಟ್ಟಿತು. ಸಬ್ಸಿಡಿ ಪಡೆವ ಮನೆಗಳಿಗೆ ಮಾತ್ರವಿದ್ದ ಡಿಸಿಆರ್ ಷರತ್ತನ್ನು ಬೇರೆ ಹೆಸರಿನಲ್ಲಿ ದೊಡ್ಡ ಪಾರ್ಕುಗಳಿಗೂ ತಂದಂತೆ ಇದು. ತಿರುನೆಲ್ವೇಲಿಯಲ್ಲಿ ಟಾಟಾದವರ 4.3 ಗಿಗಾವ್ಯಾಟ್, ಗುಜರಾತಿನ ಚಿಖ್ಲಿಯಲ್ಲಿ ವಾರೀಯವರ 5.4 ಗಿಗಾವ್ಯಾಟ್ ಸೆಲ್ ಕಾರ್ಖಾನೆಗಳು ಎದ್ದದ್ದು ಇದೇ ಲೆಕ್ಕಾಚಾರದ ಮೇಲೆ. ದಿನಾಂಕ ಗಟ್ಟಿಯಾಗಿ ನಿಂತರೆ ಬಂಡವಾಳ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದಿನಾಂಕ ಮುಂದೂಡುವ ಚಾಳಿ ನಮ್ಮ ಇಲಾಖೆಗಳಿಗಿದೆ, ಅದೊಂದನ್ನು ಬಿಟ್ಟರೆ ಸಾಕು.

ಎರಡು ಅಂಜಿಕೆಗಳು ನನಗಿವೆ. ಮೊದಲನೆಯದು ತಂತ್ರಜ್ಞಾನದ ಆಯುಷ್ಯ. ಐದಾರು ವರ್ಷದ ಹಿಂದೆ ಪೆರ್ಕ್ ಎಂಬ ಬಗೆಯ ಸೆಲ್ ಎಲ್ಲರ ಕನಸಾಗಿತ್ತು. ನಮ್ಮ ಕಾರ್ಖಾನೆಗಳು ಸಾಲ ಮಾಡಿ ಅದರ ಯಂತ್ರ ಹೂಡಿ ಸರಿಯಾಗಿ ಓಡಿಸುವುದರೊಳಗೆ ಟಾಪ್‌ಕಾನ್ ಬಂತು. ಅದು ಬಿದ್ದ ಬಿಸಿಲಿನ ಶೇ 24-25ರಷ್ಟನ್ನು ವಿದ್ಯುತ್ತಾಗಿಸುತ್ತದೆ, ಪೆರ್ಕ್‌ಗಿಂತ ಒಂದೆರಡು ಅಂಶ ಮೇಲೆ. ಆ ಒಂದೆರಡು ಅಂಶಕ್ಕೆ ಇಡೀ ಕಾರ್ಖಾನೆ ಹಳತಾಗಿಬಿಡುತ್ತದೆ. ಟಾಪ್‌ಕಾನ್ ಯಂತ್ರಗಳೂ ಬರುವುದು ಬಹುಪಾಲು ಚೀನಾದಿಂದಲೇ. ಗಾಲ್ವಾನ್ ಘರ್ಷಣೆಯ ನಂತರ ಚೀನೀ ತಂತ್ರಜ್ಞರ ವೀಸಾ ಬಿಗಿಯಾದಾಗ ಬಂದಿಳಿದ ಯಂತ್ರಗಳು ಪೆಟ್ಟಿಗೆಯಲ್ಲೇ ಕಾದವು, 2024ರಲ್ಲಿ ಸರ್ಕಾರ ವೀಸಾ ನಿಯಮ ಸಡಿಲಿಸಬೇಕಾಯಿತು. ವೇಫರ್ ತಂತ್ರಜ್ಞಾನವನ್ನು ಹೊರಗೆ ಬಿಡದಂತೆ ತಡೆಯುವ ಪ್ರಸ್ತಾವವನ್ನು ಚೀನಾ ಆಗಲೇ ಒಮ್ಮೆ ಮುಂದಿಟ್ಟಿದೆ. ಚೀನಾದ ಸೆಲ್ ಬಿಟ್ಟು ಚೀನಾದ ಯಂತ್ರಕ್ಕೆ ಜೋತುಬಿದ್ದರೆ ದಾರಿ ಸಾಗಿದ್ದು ಅಷ್ಟಕ್ಕಷ್ಟೆ. ಐಐಟಿ ಬಾಂಬೆಯ ಸೌರ ಸಂಶೋಧನಾ ಕೇಂದ್ರ 2010ರಿಂದ ಕೆಲಸ ಮಾಡುತ್ತಿದೆ, ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಪದರ ಕೂರಿಸುವ ಜೋಡಿ ಸೆಲ್‌ನಲ್ಲಿ ಒಳ್ಳೆಯ ಫಲಿತಾಂಶ ತೋರಿಸಿದೆ. ಪಿಎಲ್‌ಐಗೆ ಮೀಸಲಿಟ್ಟ 24,000 ಕೋಟಿಯ ಪಕ್ಕದಲ್ಲಿ ಇಂಥ ಪ್ರಯೋಗಾಲಯಗಳಿಗೆ ಸಿಕ್ಕಿದ್ದು ಚಿಲ್ಲರೆ.

ಎರಡನೆಯದು ವಿದ್ಯುತ್. ಸುಂಕ, ಪಟ್ಟಿ, ಪ್ರೋತ್ಸಾಹಧನ ಎಲ್ಲ ಇದ್ದೂ ಪಾಲಿಸಿಲಿಕಾನ್ ಯಾಕೆ ಇಲ್ಲಿ ಹುಟ್ಟುತ್ತಿಲ್ಲ ಎಂಬುದಕ್ಕೆ ಉತ್ತರ ಇರುವುದು ಕರೆಂಟ್ ಬಿಲ್ಲಿನಲ್ಲಿ. ಒಂದು ಕಿಲೋ ಪಾಲಿಸಿಲಿಕಾನ್‌ಗೆ ಸುಮಾರು 60 ಯೂನಿಟ್ ಬೇಕು. ಇದನ್ನು ಮನೆಯ ಮಟ್ಟಕ್ಕೆ ಇಳಿಸಿದರೆ ಹೆಚ್ಚೆನಿಸದು. ಮೂರು ಕಿಲೋವ್ಯಾಟ್ ಪ್ಯಾನೆಲ್‌ನಲ್ಲಿರುವುದು ಆರೇಳು ಕಿಲೋ ಸಿಲಿಕಾನ್, ಅದಕ್ಕೆ ನಾನೂರು ಯೂನಿಟ್. ಅಷ್ಟನ್ನು ಆ ಪ್ಯಾನೆಲ್ ಹತ್ತಿರಹತ್ತಿರ ಒಂದು ತಿಂಗಳಲ್ಲಿ ತೀರಿಸಿಬಿಡುತ್ತದೆ. ಕಾರ್ಖಾನೆಯ ಲೆಕ್ಕ ಬೇರೆ. ಉದ್ಯಮಕ್ಕೆ ಯೂನಿಟ್ ಆರೂವರೆ ರೂಪಾಯಿ ಎಂದಿಟ್ಟುಕೊಂಡರೂ ಕಿಲೋಗೆ 390 ರೂಪಾಯಿ ಕರೆಂಟಿಗೇ ಹೋಯಿತು. 2024-25ರಲ್ಲಿ ಚೀನಾದಲ್ಲಿ ಪಾಲಿಸಿಲಿಕಾನ್ ಮಾರಾಟವಾಗುತ್ತಿದ್ದ ಬೆಲೆ ಕಿಲೋಗೆ ಐದು ಡಾಲರ್‌ನ ಆಸುಪಾಸು, ಅಂದರೆ 430 ರೂಪಾಯಿ ಹಿಡಿಯಿರಿ. ಕೂಲಿ, ಕಚ್ಚಾ ಮಾಲು, ಬಡ್ಡಿ, ಯಂತ್ರದ ಸವಕಳಿ ಎಲ್ಲವೂ ಉಳಿದ ನಲವತ್ತು ರೂಪಾಯಿಯಲ್ಲಿ ಆಗಬೇಕು. ಶಿನ್‌ಜಿಯಾಂಗ್‌ನವರು ಕಲ್ಲಿದ್ದಲು ಗಣಿಯ ಪಕ್ಕದಲ್ಲೇ ಸ್ವಂತ ವಿದ್ಯುತ್ ಸ್ಥಾವರ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ವರ್ಷಕ್ಕೆ 50 ಗಿಗಾವ್ಯಾಟ್ ಪ್ಯಾನೆಲ್‌ಗೆ ಸಾಲುವಷ್ಟು ಪಾಲಿಸಿಲಿಕಾನ್ ಇಲ್ಲೇ ಮಾಡಲು ಪಾವಗಡದಂಥ ಒಂದೂವರೆ ಪಾರ್ಕಿನ ಇಡೀ ವರ್ಷದ ವಿದ್ಯುತ್ ಬೇಕು. ಬೇಕಾಗುವುದೂ ಹಗಲೊತ್ತಿಗೆ ಮಾತ್ರವಲ್ಲ. ಕುಲುಮೆ ರಾತ್ರಿ ಆರುವಂತಿಲ್ಲ, ನಡುವೆ ಕರೆಂಟ್ ಹೋದರೆ ಸರಳುಗಳು ಬಿರುಕು ಬಿಟ್ಟು ಆ ಸರದಿಯ ಮಾಲೆಲ್ಲ ಹಾಳು. ನನ್ನ ಲೆಕ್ಕದಲ್ಲಿ ಸರ್ಕಾರ ಮುಂದಿನ ಕಂತಿನ ಹಣವನ್ನು ಯಂತ್ರ ಕೊಳ್ಳುವವರಿಗೆ ಕೊಡುವುದಕ್ಕಿಂತ, ಬಿಸಿಲು, ಗಾಳಿ ಮತ್ತು ಬ್ಯಾಟರಿ ಮೂರನ್ನೂ ಸೇರಿಸಿ ಹಗಲೂ ರಾತ್ರಿಯೂ ಮೂರೂವರೆ ನಾಲ್ಕು ರೂಪಾಯಿಗೆ ಯೂನಿಟ್ ಒದಗಿಸುವ ಹದಿನೈದು ವರ್ಷದ ಕರಾರಿಗೆ ಇಡುವುದು ಮೇಲು. ಬಳ್ಳಾರಿ, ಗದಗ, ಚಿತ್ರದುರ್ಗದ ಕಡೆ ಗಾಳಿಯೂ ಇದೆ ಬಿಸಿಲೂ ಇದೆ. ಅಲ್ಲಿ ಹುಟ್ಟುವ ವಿದ್ಯುತ್ತನ್ನು ಪ್ರಸರಣ ಶುಲ್ಕ, ಅಡ್ಡ ಸಬ್ಸಿಡಿ ಸರ್ಚಾರ್ಜು ಇತ್ಯಾದಿ ಹೇರದೆ ಪಕ್ಕದ ಕಾರ್ಖಾನೆಗೆ ತಲುಪಿಸಲು ಅವಕಾಶ ಕೊಡುವ ಅಧಿಕಾರ ದೆಹಲಿಗಿಂತ ಹೆಚ್ಚಾಗಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿದೆ.